ನಕ್ಷೆ ಪ್ರಕಾರ ಚಿಕ್ಕಮ್ಮನ ಮನೆಗೆ ನೆರೆ ಬರಲಿಲ್ಲ. ಗೋಡೆಯಲ್ಲಿ ಗೆರೆ ಉಂಟು. ಲೆಕ್ಕ ಎಲ್ಲಿ ತಪ್ಪಿತು?

ಲೆಡ್ಜರ್ ರಾಯ, ಉಡುಪಿ

ಎಲ್ಲರಿಗೂ ನಮಸ್ಕಾರ. ಸ್ವರ್ಣಾ ನದಿಯ ಬದಿಯ ಊರು ನಮ್ಮದು, ಉಡುಪಿ ಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಬ್ಯಾಂಕಿನಲ್ಲಿ 31 ವರ್ಷ ಕೂತು ಎದ್ದು ಬಂದವ ನಾನು. ಮೊದಲರ್ಧ ಪೂರ್ತಿ ಲೆಡ್ಜರ್ ಬರೆದದ್ದು. ಸಂಜೆ ಲೆಕ್ಕ ಟ್ಯಾಲಿ ಆಗದೆ ಮನೆಗೆ ಹೋಗಲಿಕ್ಕಿಲ್ಲ ಎನ್ನುವ ಕಾಲ ಅದು. ಆ ಚಟ ಇನ್ನೂ ಬಿಟ್ಟಿಲ್ಲ, ಅದಕ್ಕೇ ಈ ಪ್ರಶ್ನೆ.

ಕಳೆದ ತಿಂಗಳು ಪಂಚಾಯತಿನಲ್ಲಿ ಮಳೆಗಾಲದ ಪೂರ್ವಸಿದ್ಧತೆ ಸಭೆ ಆಯಿತು. ನೆರೆ ಬಂದರೆ ಯಾವ ಮನೆಯವರನ್ನು ಮೊದಲು ಕಾಳಜಿ ಕೇಂದ್ರಕ್ಕೆ ಸಾಗಿಸಬೇಕು, ಒಂದು ಪಟ್ಟಿ ಮಾಡಿ ಎಂದರು. ಒಬ್ಬೊಬ್ಬರು ಒಂದೊಂದು ಮನೆ ಹೇಳಿದರು, ಹೆಚ್ಚಿನದು ಹೇಳಿದವರ ನೆಂಟರ ಮನೆಯೇ. ಚಾ ಬಂತು, ಪಟ್ಟಿ ಅಲ್ಲಿಗೇ ನಿಂತಿತು. ನಾನು ಬಾಯಿ ಮುಚ್ಚಿ ಕೂರಬಹುದಿತ್ತು. "ನಕ್ಷೆ ಮಾಡಿಕೊಡ್ತೇನೆ" ಎಂದುಬಿಟ್ಟೆ.

ಅಳಿಯ ದೀಪಾವಳಿಗೆ ಬಂದಾಗ ಲ್ಯಾಪ್‌ಟಾಪಿಗೆ ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ತಂತ್ರಾಂಶ ಹಾಕಿಕೊಟ್ಟಿದ್ದ. ಯೂಟ್ಯೂಬ್ ನೋಡಿ ನೋಡಿ ಎಸ್‌ಆರ್‌ಟಿಎಂ ಎಂಬ ಎತ್ತರದ ಮಾಹಿತಿಯನ್ನು ಇಳಿಸಿಕೊಂಡೆ, 30 ಮೀಟರ್ ಚೌಕದ್ದು. ನದಿಯ ಮಟ್ಟವನ್ನು 3 ಮೀಟರ್ ಏರಿಸಿದರೆ ಯಾವ ಚೌಕಗಳು ಅದಕ್ಕಿಂತ ತಗ್ಗಿನಲ್ಲಿರುತ್ತವೋ ಅವಕ್ಕೆಲ್ಲ ನೀಲಿ ಬಣ್ಣ. ನೋಡಲಿಕ್ಕೆ ಭಾರಿ ಚಂದ ಬಂತು. ಮನೆಯವಳಿಗೂ ತೋರಿಸಿದೆ.

ಅವಳು ಒಂದೇ ಮಾತು ಕೇಳಿದಳು: "ಚಿಕ್ಕಮ್ಮನ ಮನೆ ಯಾಕೆ ಒಣಗಿದೆ?"

ಚಿಕ್ಕಮ್ಮನ ಮನೆ ಅಡಿಕೆ ತೋಟದ ನಡುವೆ. 2020ರ ಸೆಪ್ಟೆಂಬರ್ 20ರ ಆದಿತ್ಯವಾರ, ಉಡುಪಿಯ ಕಲ್ಸಂಕ, ಬೈಲಕೆರೆ, ಗುಂಡಿಬೈಲು ಎಲ್ಲ ಮುಳುಗಿದ ದಿನ, ಬೆಳಿಗ್ಗೆ ಅವರನ್ನು ದೋಣಿಯಲ್ಲಿ ಕರೆತಂದದ್ದು ನಾವೇ. ಗೋಡೆಯಲ್ಲಿ ಕೆಸರಿನ ಗೆರೆ ಈಗಲೂ ಉಂಟು. ನೆಲದಿಂದ 94 ಸೆಂಟಿಮೀಟರ್, ನಾನೇ ಟೇಪು ಹಿಡಿದು ನೋಡಿದ್ದೇನೆ. ನನ್ನ ನಕ್ಷೆ ಮಾತ್ರ ಆ ತೋಟವನ್ನು ಗುಡ್ಡೆ ಎನ್ನುತ್ತದೆ, ಕಾಳಜಿ ಕೇಂದ್ರವೆಂದು ಇಟ್ಟುಕೊಂಡ ಶಾಲೆಯ ಮೈದಾನಕ್ಕೆ ನೀಲಿ ಬಳಿಯುತ್ತದೆ. ಶಾಲೆಯ ಅಂಗಳಕ್ಕೆ ನನ್ನ ಜನ್ಮದಲ್ಲಿ ನೀರು ಬಂದದ್ದಿಲ್ಲ. ನನ್ನ ತಪ್ಪೋ, ನಕ್ಷೆಯದ್ದೋ? ತಿಳಿದವರು ಹೇಳಿ.

ಪದವಿನವ, ಮಂಗಳೂರು

ರಾಯರೇ, ನಿಮ್ಮ ತಪ್ಪಲ್ಲ. ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕಿದವರೆಲ್ಲ ಮೊದಲ ವಾರವೇ ಎಡವುವ ಕಲ್ಲು ಇದು.

ಎಸ್‌ಆರ್‌ಟಿಎಂ ಅಂದರೆ 2000ದ ಫೆಬ್ರವರಿಯಲ್ಲಿ ನಾಸಾದ ಸ್ಪೇಸ್ ಶಟಲ್ ಮೇಲಿಂದ ರೇಡಾರ್ ಬಿಟ್ಟು ಅಳೆದದ್ದು. ಆ ರೇಡಾರ್ ದಟ್ಟ ತೋಟದೊಳಗೆ ನೆಲದವರೆಗೆ ಇಳಿಯುವುದಿಲ್ಲ. ಸೋಗೆಗಳ ನಡುವೆ ಎಲ್ಲೋ ತಾಗಿ ವಾಪಸು ಬರುತ್ತದೆ. ನೀವು ನೆಲದ ಎತ್ತರ ಅಂದುಕೊಂಡದ್ದರಲ್ಲಿ ಚಿಕ್ಕಮ್ಮನವರ ಅಡಿಕೆ ಮರದ ಪಾಲೂ ಸೇರಿದೆ. ಬಯಲಾಗಿರುವ ಶಾಲೆ ಮೈದಾನದಲ್ಲಿ ಅಷ್ಟು ಮೋಸ ಇಲ್ಲ, ಅದು ಇದ್ದ ಹಾಗೆ ಬಂದಿದೆ. ಹಾಗಾಗಿ ತೋಟ ಗುಡ್ಡೆಯಾಯಿತು, ಮೈದಾನ ಹೊಂಡವಾಯಿತು. ಇನ್ನೊಂದು ಸಂಗತಿ: 30 ಮೀಟರ್ ಚೌಕ ಅಂದರೆ 22 ಸೆಂಟ್ಸ್ ಜಾಗ. ಮನೆ, ಬಾವಿ, ಹಟ್ಟಿ, ಅಂಗಳ, ಅರ್ಧ ಗದ್ದೆ, ಎಲ್ಲದಕ್ಕೂ ಒಂದೇ ಸಂಖ್ಯೆ. ನಿಮ್ಮ ಊರಿನಲ್ಲಿ ಮುಳುಗುವ ಮನೆಗೂ ಮುಳುಗದ ಮನೆಗೂ ಎರಡು ಅಡಿ ವ್ಯತ್ಯಾಸ ಇರಬಹುದು, ಈ ಮಾಹಿತಿಯ ತಪ್ಪೇ ಅದಕ್ಕಿಂತ ದೊಡ್ಡದು.

ಮೊದಲು ಫ್ಯಾಬ್‌ಡೆಮ್ ಇಳಿಸಿಕೊಳ್ಳಿ. ಯುರೋಪಿನ ಕೋಪರ್ನಿಕಸ್ ಎಂಬ ಎತ್ತರದ ಮಾಹಿತಿಯಿಂದ ಮರ ಮತ್ತು ಕಟ್ಟಡಗಳ ಎತ್ತರವನ್ನು ಅಂದಾಜಿನಲ್ಲಿ ಕಳೆದು ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಮಾಡಿದ್ದು, ವ್ಯಾಪಾರಕ್ಕಲ್ಲದಿದ್ದರೆ ಪುಕ್ಕಟೆ. ಇಸ್ರೋದ ಭುವನ್ ಜಾಲತಾಣದಲ್ಲಿ ಸಿಗುವ ಕಾರ್ಟೊಡೆಮ್ ಎಂಬ ಎತ್ತರದ ಮಾಹಿತಿ ಹಾಕಿದರೆ ಕಡಲ ಬದಿಯಲ್ಲೆಲ್ಲ ಮೈನಸ್ ಸಂಖ್ಯೆ ಕಂಡು ಗಾಬರಿಯಾಗಬೇಡಿ. ಅದು ಸಮುದ್ರ ಮಟ್ಟದಿಂದ ಅಳೆದದ್ದಲ್ಲ. ಭೂಮಿಯನ್ನು ನುಣುಪಾದ ಮೊಟ್ಟೆಯಂತೆ ಭಾವಿಸಿ ಅಳೆದದ್ದು, ನಮ್ಮಲ್ಲಿ ಎರಡಕ್ಕೂ ಎಂಬತ್ತಕ್ಕಿಂತ ಹೆಚ್ಚು ಮೀಟರ್ ಅಂತರ. ಎರಡು ಮಾಹಿತಿಯನ್ನು ಬೆರೆಸುವಾಗ ಇದು ಮರೆತರೆ ಇಡೀ ಉಡುಪಿಯೇ ಕಡಲ ತಳಕ್ಕೆ.

ನದಿ ಮಟ್ಟವನ್ನು ಬಕೆಟ್ ತುಂಬಿಸಿದ ಹಾಗೆ ಏರಿಸುವುದನ್ನೂ ಬಿಡಿ. ನದಿ ಬಕೆಟ್ ಅಲ್ಲ, ಓರೆಯಾಗಿ ಹರಿಯುವಂಥದ್ದು. ಅದರ ಬದಲು ಪ್ರತಿಯೊಂದು ಚೌಕವೂ ತನ್ನ ನೀರು ಹೋಗಿ ಸೇರುವ ತೋಡಿಗಿಂತ ಎಷ್ಟು ಮೇಲಿದೆ ಎಂದು ಲೆಕ್ಕ ಮಾಡಿಸಿ. ಇದಕ್ಕೆ ಹ್ಯಾಂಡ್ ಎಂದು ಹೆಸರು, ಕ್ಯೂಜಿಐಎಸ್‌ನಲ್ಲೇ ಮಾಡಲಿಕ್ಕಾಗುತ್ತದೆ. ಅಮೆರಿಕದ ಸೇನಾ ಎಂಜಿನಿಯರುಗಳ ಹೆಕ್-ರಾಸ್ ಎಂಬ ನದಿ ಹರಿವಿನ ಲೆಕ್ಕದ ತಂತ್ರಾಂಶ ಕೂಡ ಪುಕ್ಕಟೆ ಸಿಗುತ್ತದೆ, ಆದರೆ ಅದಕ್ಕೆ ನದಿಯ ತಳದ ಅಳತೆ ಬೇಕು. ಉಪಗ್ರಹಕ್ಕೆ ನೀರಿನ ಮೇಲ್ಮೈ ಮಾತ್ರ ಕಾಣುವುದು, ಹೊಂಡ ಎಷ್ಟು ಎಂದು ಅದಕ್ಕೇನು ಗೊತ್ತು? ಅದು ಸದ್ಯ ಬೇಡ.

ಬೆಟ್ಟುಮನೆ, ಬ್ರಹ್ಮಾವರ ಕಡೆ

ಸರ್ವೆ ಇಲಾಖೆಯಲ್ಲಿ ಚೈನು ಎಳೆದವ ನಾನು. ಸ್ಯಾಟಲೈಟ್ ನಿಮಗೆ ಬಿಟ್ಟದ್ದು. ನನ್ನದು ಎರಡು ಮಾತು.

ಬೈಲು, ಮಜಲು, ಬೆಟ್ಟು. ಗದ್ದೆಗಳನ್ನು ಹೀಗೆ ಹೆಸರಿಟ್ಟು ವಿಂಗಡಿಸಿದ್ದು ನಮ್ಮ ಹಿರಿಯರು. ಬೈಲು ತಳದ್ದು, ನೀರು ನಿಲ್ಲುವಂಥದ್ದು. ಮಜಲು ನಡುವಿನದ್ದು. ಬೆಟ್ಟು ಮೇಲಿನದ್ದು, ಮಳೆ ನಂಬಿಯೇ ಬೆಳೆ. ನೀವು ಕಂಪ್ಯೂಟರಿನಲ್ಲಿ ಹುಡುಕುವ "ತೋಡಿಗಿಂತ ಎಷ್ಟು ಮೇಲೆ" ಅನ್ನುವುದು ಇದೇ ಅಲ್ಲವಾ ಮಾರಾಯ್ರೆ? ಹಳೆಯ ದಾಖಲೆಯಲ್ಲಿ ಬೈಲು ಎಂದಿರುವ ಜಾಗವನ್ನು ಮಣ್ಣು ತುಂಬಿಸಿ ಸೈಟು ಮಾಡಿದ್ದಾರೋ ನೋಡಿ. ಅಲ್ಲಿಗೆ ನೀರು ಬಂದೇ ಬರುತ್ತದೆ, ಬರಲಿಕ್ಕೆ ಜಾಗ ಇಲ್ಲದಿದ್ದರೆ ಪಕ್ಕದವರ ಮನೆಗೆ ಹೋಗುತ್ತದೆ. ಕುದ್ರು ಎಂದು ಹೆಸರಿದ್ದರೆ ಸುತ್ತ ನದಿ ಇತ್ತು ಅಂತಲೇ ಅರ್ಥ.

ಎರಡನೆಯದು, ಕಿಂಡಿ ಅಣೆಕಟ್ಟು. ಬೇಸಿಗೆಯಲ್ಲಿ ಹಾಕಿದ ಹಲಗೆಯನ್ನು ಮಳೆಗೆ ಮೊದಲು ತೆಗೆಯದಿದ್ದರೆ, ಅಥವಾ ತೆಗೆದರೂ ಮೇಲಿಂದ ಬಂದ ಮರ, ಬಿದಿರಿನ ಹಿಂಡಿಲು ಕಿಂಡಿಗೆ ಅಡ್ಡ ಸಿಕ್ಕಿಕೊಂಡರೆ ನಿಮ್ಮ ಮಾಡೆಲ್ ಕತೆ ಮುಗಿಯಿತು. ಹಲಗೆ ಯಾರ ಸುಪರ್ದಿಯಲ್ಲಿದೆ ಎಂದು ನಕ್ಷೆಯಲ್ಲಿ ಬರೆಯಿರಿ.

ಮಟ್ಟ ನೋಡಲಿಕ್ಕೆ ಮೊಬೈಲ್ ನಂಬಬೇಡಿ. ಮೇಸ್ತ್ರಿಗಳ ಹತ್ತಿರ ಪಾರದರ್ಶಕ ಪೈಪು ಇರುತ್ತದಲ್ಲ, ನೀರು ತುಂಬಿಸಿ ಎರಡು ಕಡೆ ಮಟ್ಟ ನೋಡುವಂಥದ್ದು, ಸಾಕು. ಸೇತುವೆಯ ಕಟ್ಟೆಯನ್ನು ಸೊನ್ನೆ ಮಾಡಿ ಅಲ್ಲಿಂದ ಹೊರಡಿ. ಪೈಪಿನಲ್ಲಿ ಗುಳ್ಳೆ ಉಳಿದರೆ ಅಷ್ಟೂ ಸುಳ್ಳು.

ನೇತ್ರಾವತಿ ದಡ

ನಾವು ಬಂಟ್ವಾಳದವರು. ನದಿ 8.5 ಮೀಟರ್ ಅಂದರೆ ಅಪಾಯದ ಮಟ್ಟ, ಅದು ಇಲ್ಲಿ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ಅಂಗಡಿಯವರು ಒಬ್ಬರಿಗೊಬ್ಬರು ಕೇಳುವುದೇ "ಈಗ ಎಷ್ಟಕ್ಕೆ ಬಂತು?" ಅಂತ. ಎಷ್ಟಾದರೆ ತಮ್ಮ ಅಂಗಡಿಯ ಮೆಟ್ಟಿಲಿಗೆ ಬರುತ್ತದೆ ಎಂದು ಪ್ರತಿಯೊಬ್ಬರಿಗೂ ಬಾಯಿಪಾಠ. 1974ರ ನೆರೆ ಕಂಡ ಮನೆಗಳಲ್ಲಿ ಅದಕ್ಕೂ ಮೇಲಿನ ಮಟ್ಟದ ಲೆಕ್ಕ ಉಂಟು. ನಿಮ್ಮ ನಕ್ಷೆಯನ್ನೂ ಹಾಗೆ ಒಂದು ಸಂಖ್ಯೆಗೆ ಕಟ್ಟಿ. ಬರೀ ನೀಲಿ ಬಣ್ಣ ನೋಡಿದವ ಎಂತ ಮಾಡಬೇಕು?

ಖಾಕಿ ರೈನ್‌ಕೋಟ್

ನಾನು ಗೃಹರಕ್ಷಕ ದಳದಲ್ಲಿದ್ದೇನೆ. 2018ರ ಮೇ 29ಕ್ಕೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಸೊಂಟದವರೆಗಿನ ನೀರಲ್ಲಿ ನಿಂತವಳು. ಅಣ್ಣನವರೇ, ನಿಮ್ಮ ನಕ್ಷೆ ರಾತ್ರಿ ಎರಡು ಗಂಟೆಗೆ, ಕರೆಂಟು ಹೋಗಿ, ನೆಟ್‌ವರ್ಕ್ ಸತ್ತಿರುವಾಗ, ನಮ್ಮ ಕೈಯಲ್ಲಿ ಇರಬೇಕಾದದ್ದು. ಲ್ಯಾಪ್‌ಟಾಪಿನಲ್ಲಿ ಇದ್ದು ಪ್ರಯೋಜನ ಇಲ್ಲ. ಎ4 ಹಾಳೆ, ಲ್ಯಾಮಿನೇಟ್ ಮಾಡಿಸಿ.

ಯಾವ ಮನೆ ಮುಳುಗುತ್ತದೆ ಅನ್ನುವುದಕ್ಕಿಂತ ಯಾವ ರಸ್ತೆ ಮೊದಲು ಮುಳುಗುತ್ತದೆ ಅದು ನಮಗೆ ಬೇಕು. ಮನೆಗೆ ಇನ್ನೂ ನೀರು ಬಂದಿರುವುದಿಲ್ಲ, ಆಚೆ ಜೀಪು ಹೋಗುವ ದಾರಿ ಹೋಗಿರುತ್ತದೆ. ಆಮೇಲೆ ದೋಣಿಯೇ ಗತಿ. ಹಾಸಿಗೆ ಹಿಡಿದವರು, ಬಾಣಂತಿ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಇರುವವರು ಎಲ್ಲಿದ್ದಾರೆ ಗುರುತು ಹಾಕಿ. ಹೆಸರು ಬೇಡ, ಅದು ಆಶಾ ಕಾರ್ಯಕರ್ತೆಯ ಹತ್ತಿರ ಇರಲಿ.

ಹಟ್ಟಿಯಲ್ಲಿ ದನ ಇರುವ ಮನೆಗಳಿಗೂ ಒಂದು ಗುರುತು. ನಗಬೇಡಿ. ದನ ಬಿಟ್ಟು ಯಾರೂ ಹೊರಡುವುದಿಲ್ಲ, ಅದಕ್ಕೊಂದು ಜಾಗ ಮೊದಲೇ ನೋಡಿಟ್ಟರೆ ನಮಗೆ ಅರ್ಧ ಗಂಟೆಯ ಜಗಳ ಉಳಿಯುತ್ತದೆ.

ಕಡಲಮೀನು

ಉಪಗ್ರಹದಲ್ಲಿ ನೆರೆಯ ಫೋಟೋ ಸಿಗುತ್ತದಲ್ಲ, ಅದನ್ನೇ ಹಾಕಿದರಾಗದಾ? ಇಷ್ಟೆಲ್ಲ ಯಾಕೆ?

ಪದವಿನವ, ಮಂಗಳೂರು

ಸೆಂಟಿನೆಲ್-1 ಎಂಬ ಯುರೋಪಿನ ರೇಡಾರ್ ಉಪಗ್ರಹ ಮೋಡದ ಮೂಲಕವೂ ನೋಡುತ್ತದೆ, ಸರಿ. ಆದರೆ ಒಂದು ಉಪಗ್ರಹ ಒಂದೇ ಹಾದಿಯಲ್ಲಿ ಮತ್ತೆ ಬರಲಿಕ್ಕೆ 12 ದಿನ. ನಮ್ಮದು ಬಿಹಾರದ ನೆರೆ ಅಲ್ಲ, ತಿಂಗಳುಗಟ್ಟಲೆ ನಿಲ್ಲಲಿಕ್ಕೆ. ಘಟ್ಟದಿಂದ ಕಡಲಿಗೆ ಕೆಲವೇ ಗಂಟೆ. ಉಪಗ್ರಹ ಮೇಲೆ ಬರುವಾಗ ನೀರು ಇಳಿದು ಜನ ಚಾಪೆ ಒಣಗಿಸುತ್ತಿರುತ್ತಾರೆ. ಬಂದರೂ ತೋಟದ ಅಡಿಯ ನೀರು ಅದಕ್ಕೆ ಕಾಣುವುದು ಕಷ್ಟ.

ರಾಯರೇ, ಇನ್ನೊಂದು. 2020ರ ಆ ನೆರೆ ಬಂದದ್ದು ಮಹಾಲಯ ಅಮಾವಾಸ್ಯೆ ಕಳೆದು ಮೂರನೆಯ ದಿನ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು. ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಡಲು ಎದ್ದು ನಿಂತಿರುವಾಗ ಸ್ವರ್ಣೆ, ಸೀತೆ ಎರಡೂ ಇಳಿಯಲಿಕ್ಕೆ ದಾರಿ ಇಲ್ಲದೆ ಕಾಯಬೇಕು. ಹವಾಮಾನ ಇಲಾಖೆ 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದ ಮಳೆಯನ್ನು ಅತ್ಯಂತ ಭಾರಿ ಎನ್ನುತ್ತದೆ. ಅಷ್ಟೇ ಮಳೆ ಅಷ್ಟಮಿಗೆ ಬಂದರೆ ಒಂದು ನಮೂನೆ, ಅಮಾವಾಸ್ಯೆಗೆ ಬಂದರೆ ಇನ್ನೊಂದು. ಹಾಳೆಯ ಮೂಲೆಯಲ್ಲಿ ಉಬ್ಬರದ ಹೊತ್ತು ಬರೆದುಕೊಳ್ಳಲಿಕ್ಕೆ ಜಾಗ ಬಿಡಿ.

ಲೆಡ್ಜರ್ ರಾಯ, ಉಡುಪಿ (ಮೂರು ವಾರದ ನಂತರ)

ಎಲ್ಲರಿಗೂ ಉಪಕಾರ. ಬೆಟ್ಟುಮನೆಯವರು ಹೇಳಿದ ಹಾಗೆ ಪೈಪು ಹಿಡಿದೆವು. ನಾನು, ನಮ್ಮ ಮೇಸ್ತ್ರಿ, ಅವನ ಮಗ. ಹದಿನೈದು ಮೀಟರ್ ಪೈಪು, ನೀರಿಗೆ ಸ್ವಲ್ಪ ನೀಲಿ ಹಾಕಿದೆವು, ಬಿಳಿ ಬಟ್ಟೆಗೆ ಹಾಕುವ ನೀಲಿ, ಮಟ್ಟ ಚೆನ್ನಾಗಿ ಕಾಣಲಿ ಅಂತ. ಮೊದಲ ದಿನದ ಲೆಕ್ಕ ಪೂರ್ತಿ ಬಿಸಾಡಿದೆ. ಗುಳ್ಳೆ. ಎರಡನೆಯ ದಿನದಿಂದ ಹೋದ ದಾರಿಯಲ್ಲೇ ವಾಪಸು ಅಳೆದುಕೊಂಡು ಬಂದು ಸೊನ್ನೆಗೆ ಸೊನ್ನೆ ಕೂಡಿತೋ ನೋಡಿದೆ. 2 ಸೆಂಟಿಮೀಟರ್ ವ್ಯತ್ಯಾಸ ಉಳಿಯಿತು. ಬ್ಯಾಂಕಿನಲ್ಲಾದರೆ ಒಪ್ಪುತ್ತಿರಲಿಲ್ಲ, ಇಲ್ಲಿ ಒಪ್ಪಿದೆ.

ಸೇತುವೆಯ ಕಟ್ಟೆ ಸೊನ್ನೆ. ಶಾಲೆಯ ಅಂಗಳ ಅದಕ್ಕಿಂತ 30 ಸೆಂಟಿಮೀಟರ್ ಮೇಲೆ. ಚಿಕ್ಕಮ್ಮನ ಮನೆಯ ನೆಲ 2.10 ಮೀಟರ್ ಕೆಳಗೆ. ಶಾಲೆಗೆ ಹೋಗುವ ರಸ್ತೆ ಅಶ್ವತ್ಥಕಟ್ಟೆಯ ಹತ್ತಿರ ಸ್ವಲ್ಪ ಇಳಿದು ಏರುತ್ತದೆ, ಬೈಕಿನಲ್ಲಿ ಹೋಗುವಾಗ ಗೊತ್ತೇ ಆಗುವುದಿಲ್ಲ. ಅದು 2.65 ಮೀಟರ್ ಕೆಳಗೆ! ಅಂದರೆ ಚಿಕ್ಕಮ್ಮನ ನೆಲಕ್ಕೆ ನೀರು ಮುಟ್ಟುವ ಹೊತ್ತಿಗೆ ಅಶ್ವತ್ಥಕಟ್ಟೆಯ ಹತ್ತಿರ 55 ಸೆಂಟಿಮೀಟರ್ ನಿಂತಿರುತ್ತದೆ. ಕಾಳಜಿ ಕೇಂದ್ರ ಒಣಗಿಯೇ ಇರುತ್ತದೆ, ಹೋಗಲಿಕ್ಕೆ ದಾರಿ ಇರುವುದಿಲ್ಲ. ಖಾಕಿ ರೈನ್‌ಕೋಟ್ ತಂಗಿ ಹೇಳಿದ್ದು ಅಕ್ಷರಶಃ ಇದೇ. ಅರುವತ್ತು ವರ್ಷ ಆ ರಸ್ತೆಯಲ್ಲಿ ಓಡಾಡಿದ್ದೇನೆ, ಈ ತಗ್ಗು ನನಗೆ ಕಂಡಿರಲಿಲ್ಲ.

ಈಗ ಟ್ಯಾಲಿ ಆಗದ ವಿಷಯ. 2020ರ ಗೆರೆ ನಾಲ್ಕು ಮನೆಗಳಲ್ಲಿ ಸಿಕ್ಕಿತು. ಸೇತುವೆ ಕಟ್ಟೆಯಿಂದ ಕೆಳಕ್ಕೆ ಲೆಕ್ಕ ಹಾಕಿದರೆ ಚಿಕ್ಕಮ್ಮನದು 1.16, ಎರಡನೆಯದು 1.21, ಮೂರನೆಯದು 1.13. ಹತ್ತಿರ ಹತ್ತಿರ ಉಂಟು. ನಾಲ್ಕನೆಯ ಮನೆಯದು 0.40. ಮುಕ್ಕಾಲು ಮೀಟರ್ ಹೆಚ್ಚು ನೀರು! ಎರಡು ಸಲ ಅಳೆದೆ. ಆ ಮನೆ ಹೊಸ ರಸ್ತೆಯ ಆಚೆ ಬದಿಗೆ. ಮನೆಯವರು ಸುಳ್ಳು ಹೇಳುವ ಪೈಕಿ ಅಲ್ಲ. ಎಂತ ಇದು?

ಪದವಿನವ, ಮಂಗಳೂರು

ಆ ರಸ್ತೆಗೆ ಅಡ್ಡ ತೋಡು ಹೋಗುತ್ತದಾ? ಮೋರಿ ಎಷ್ಟು ದೊಡ್ಡದು? ಫೋಟೋ ಬೇಡ, ಅಳತೆ ಹೇಳಿ.

ಲೆಡ್ಜರ್ ರಾಯ, ಉಡುಪಿ

ಎರಡು ಸಿಮೆಂಟ್ ಪೈಪು, ಒಂದೊಂದಕ್ಕೆ 1.2 ಮೀಟರ್ ವ್ಯಾಸ. ಮೊದಲು ಅಲ್ಲಿ ಕಲ್ಲಿನ ಸಂಕ ಇತ್ತು, ರಸ್ತೆ ಎತ್ತರಿಸುವಾಗ ಪೈಪು ಹಾಕಿದರು. ತೋಡಿನ ಮೇಲ್ಗಡೆ ಗುಡ್ಡೆ, ರಬ್ಬರು, ಒಂದು ಲೇಔಟು. ಕ್ಯೂಜಿಐಎಸ್ ಪ್ರಕಾರ ಆ ತೋಡಿಗೆ ಇಳಿಯುವ ಜಾಗ ಸುಮಾರು 200 ಹೆಕ್ಟೇರ್.

ಪದವಿನವ, ಮಂಗಳೂರು

ಸಿಕ್ಕಿತು ನೋಡಿ. ಹಳೆಯ ಸೂತ್ರ ಒಂದುಂಟು, ಮೋರಿ ಕಟ್ಟುವವರೆಲ್ಲ ಕಲಿಯುವಂಥದ್ದು. ಬಿದ್ದ ಮಳೆಯಲ್ಲಿ ಹರಿದು ಬರುವ ಪಾಲು, ಗಂಟೆಗೆ ಎಷ್ಟು ಮಿಲಿಮೀಟರ್ ಮಳೆ, ಎಷ್ಟು ಹೆಕ್ಟೇರ್, ಮೂರನ್ನೂ ಗುಣಿಸಿ 360ರಿಂದ ಭಾಗಿಸಿ. ಪಾಲು 0.6 ಇಟ್ಟುಕೊಳ್ಳಿ, ನೆನೆದ ನೆಲಕ್ಕೆ ಅದು ಹೆಚ್ಚಲ್ಲ. ಮಳೆ ಗಂಟೆಗೆ 60. ಹೆಕ್ಟೇರ್ 200. ಸೆಕೆಂಡಿಗೆ 20 ಘನ ಮೀಟರ್ ಬಂತು.

ನಿಮ್ಮ ಎರಡು ಪೈಪಿನ ಬಾಯಿ ಕೂಡಿಸಿದರೆ ಸುಮಾರು 2.26 ಚದರ ಮೀಟರ್. ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೋದರೆ ನಾಲ್ಕೂವರೆ ಘನ ಮೀಟರ್ ದಾಟುತ್ತದೆ, 3 ಮೀಟರ್ ವೇಗ ಎಂದರೂ ಏಳು ದಾಟುವುದಿಲ್ಲ. ಅದೂ ಪೈಪಿನಲ್ಲಿ ಸೋಗೆ, ಪ್ಲಾಸ್ಟಿಕ್ ಸಿಕ್ಕಿಕೊಳ್ಳದಿದ್ದರೆ. ಉಳಿದ ನೀರು ಎಲ್ಲಿಗೆ ಹೋಗಬೇಕು? ರಸ್ತೆಯೇ ಅಣೆಕಟ್ಟು. ನಿಮ್ಮ ನಾಲ್ಕನೆಯ ಮನೆಗೆ ಬಂದದ್ದು ಸ್ವರ್ಣೆಯ ನೆರೆ ಅಲ್ಲ, ಮೋರಿಯ ನೆರೆ. ನದಿಯ ಮಾಡೆಲ್ ಎಷ್ಟು ತಿದ್ದಿದರೂ ಆ ಗೆರೆ ಕೂಡುತ್ತಿರಲಿಲ್ಲ. ಅಲ್ಲಿಗೆ ಎಚ್ಚರಿಕೆಯೂ ಬೇರೆ: ನದಿ ಏರಲಿಕ್ಕೆ ಕಾಯಬಾರದು, ಒಂದು ಗಂಟೆ ಜಡಿಮಳೆ ಹೊಡೆದರೆ ಹೊರಡಬೇಕು.

ಬೆಟ್ಟುಮನೆ, ಬ್ರಹ್ಮಾವರ ಕಡೆ

ಮೇಲ್ಗಡೆ ಲೇಔಟು ಅಂದಿರಿ. ಗುಡ್ಡೆ ಕಡಿದು ಮಾಡಿದ್ದೋ? ಮೇಲೆ ಮುರಕಲ್ಲು, ಅದರ ಅಡಿಯಲ್ಲಿ ಶೇಡಿ ಮಣ್ಣು ಕಂಡರೆ ಆ ಮನೆಗಳಿಗೂ ಗುರುತು ಹಾಕಿ. ಶೇಡಿ ಒಣಗಿದಾಗ ಗೋಡೆಯ ಹಾಗೆ ನಿಲ್ಲುತ್ತದೆ, ನೆನೆದರೆ ಗಂಜಿ. ಗುರುಪುರದ ಬಂಗ್ಲೆಗುಡ್ಡೆಯಲ್ಲಿ 2020ರ ಜುಲೈಯಲ್ಲಿ ಗುಡ್ಡೆ ಕುಸಿದು ಎರಡು ಮಕ್ಕಳು ಹೋದದ್ದು ನೆನಪಿರಬಹುದು. ಭೂವೈಜ್ಞಾನಿಕ ಸರ್ವೇಕ್ಷಣೆಯವರ ಭೂಕುಸಿತದ ನಕ್ಷೆ ಉಂಟು, ಆದರೆ ಅದು 50,000ಕ್ಕೆ ಒಂದು ಅಳತೆಯದ್ದು. ಅದರಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದಲ್ಲಿ 50 ಮೀಟರ್. ಜೆಸಿಬಿಯಲ್ಲಿ ಕಡಿದ ಹಿತ್ತಿಲು ಅದರಲ್ಲಿ ಎಲ್ಲಿ ಕಾಣಬೇಕು? ಕಾಲಲ್ಲಿ ನಡೆದು ನೋಡಬೇಕು.

ಲೆಡ್ಜರ್ ರಾಯ, ಉಡುಪಿ (ಮೇ ಕೊನೆಯ ವಾರ)

ಹಾಳೆ ಆಯಿತು. ನಲವತ್ತು ಪ್ರತಿ, ಲ್ಯಾಮಿನೇಷನ್ ಖರ್ಚು ಯುವಕ ಮಂಡಲದ್ದು. ಸೇತುವೆಯ ಕಂಬಕ್ಕೆ ಪೇಂಟಿನಲ್ಲಿ ಮೂರು ಪಟ್ಟಿ ಎಳೆದಿದ್ದೇವೆ. ಹಳದಿಗೆ ಬಂದರೆ ಅಶ್ವತ್ಥಕಟ್ಟೆಯ ರಸ್ತೆ ಹೋಗುತ್ತದೆ, ಅದಕ್ಕೆ ಮೊದಲೇ ಹೊರಡಬೇಕು. ಹಳದಿಗಿಂತ 55 ಸೆಂಟಿಮೀಟರ್ ಮೇಲೆ ಕೆಂಪು, ಅದು ಚಿಕ್ಕಮ್ಮನ ನೆಲ. ಕಪ್ಪು 2020ರದ್ದು. ಗುಡ್ಡೆಯ ಹಿತ್ತಿಲು ಕಡಿದ ಏಳು ಮನೆ ಸಿಕ್ಕಿದವು, ಹಾಳೆಯ ಹಿಂಬದಿಯಲ್ಲಿ ಬೇರೆಯೇ ಹಾಕಿದೆ. ಕಿಂಡಿ ಅಣೆಕಟ್ಟಿನ ಹಲಗೆ ತೆಗೆದಾಯಿತು, ಎರಡು ಮಾತ್ರ ಜಪ್ಪಯ್ಯ ಅಂದರೂ ಬರುತ್ತಿಲ್ಲ. ಮೋರಿಯ ಬಗ್ಗೆ ಲೆಕ್ಕ ಸಮೇತ ಅರ್ಜಿ ಕೊಟ್ಟಿದ್ದೇನೆ, "ನೋಡುವ" ಅಂದಿದ್ದಾರೆ. ಈ ಮಳೆಗಾಲಕ್ಕಂತೂ ಆಗುವುದಿಲ್ಲ. ಎರಡು ಪೈಪಿನ ಬಾಯಿಯ ಕಸ ತೆಗೆಯುವ ಕೆಲಸ ಪಕ್ಕದ ಅಂಗಡಿಯವರು ಒಪ್ಪಿಕೊಂಡಿದ್ದಾರೆ.

ಒಂದು ತಕರಾರು ಬಂತು. ಮೊದಲ ಪ್ರತಿಯಲ್ಲಿ ಮನೆಗಳಿಗೆ ಕೆಂಪು, ಹಳದಿ ಬಣ್ಣ ಹಾಕಿದ್ದೆ. ಒಬ್ಬರು ನಾಲ್ಕು ಬೊಂಡ ಹಿಡಿದುಕೊಂಡು ಮನೆಗೇ ಬಂದರು. ಮಗನಿಗೆ ಹೆಣ್ಣಿನ ಕಡೆಯವರು ಮನೆ ನೋಡಲಿಕ್ಕೆ ಬರುವವರಿದ್ದಾರಂತೆ, "ರಾಯರೇ, ನಮ್ಮದನ್ನು ಹಳದಿ ಮಾಡಿ, ನಿಮಗೆಂತ ಖರ್ಚು?" ನಗು ಬಂತು, ಆದರೆ ಜಾಗದ ಮೇಲೆ ಸಾಲ ಕೊಡುವ ಸೀಟಿನಲ್ಲಿ ನಾನೂ ಕೂತಿದ್ದವ. ಅಂಥ ಒಂದು ಹಾಳೆ ಮೇಜಿಗೆ ಬಂದಿದ್ದರೆ ನಾನೇ ಫೈಲು ಕೆಳಗಿಡುತ್ತಿದ್ದೆ. ಆಮೇಲಿನ ಪ್ರತಿಗಳಲ್ಲಿ ಬಣ್ಣ ರಸ್ತೆಗಳಿಗೆ ಮಾತ್ರ, ಮನೆಗಳೆಲ್ಲ ಬರೀ ಕಪ್ಪು ಚುಕ್ಕಿ. ಬೊಂಡ ಕುಡಿದಾಗಿತ್ತು.

ಮೊನ್ನೆ ಚಿಕ್ಕಮ್ಮನಲ್ಲಿಗೆ ಹೋಗಿದ್ದೆ, ಗೋಡೆಯ ಗೆರೆ ಇಲ್ಲ. ಮೊಮ್ಮಗಳ ನಿಶ್ಚಿತಾರ್ಥಕ್ಕೆ ಅಂತ ಸುಣ್ಣ ಹೊಡೆಸಿದ್ದಾರೆ. "ಇಷ್ಟು ವರ್ಷ ಅದನ್ನೇ ನೋಡಿದ್ದು ಸಾಕಾಗಿದೆ ಮಗಾ" ಅಂದರು. 94 ಸೆಂಟಿಮೀಟರ್, ನನ್ನ ಪುಸ್ತಕದಲ್ಲಿ ಉಂಟು.